ಏಳನೇ ನಿಯಮ

ನಮ್ಮೂರಿನ ಹೆಸರಿಗೆ ದೋಣಿ ಎಂದರ್ಥ.
ಇದ್ದಬದ್ದ ನದಿಗಳನ್ನೆಲ್ಲ ಎಂದೋ
ಕೊಳವೆಗೆ ತುರುಕಿ ಬೀದಿಗಳಡಿ ಹೂತರು.
ವುಚ್‌ನಲ್ಲಿ ಈಗ ದೋಣಿ ಉಳಿದಿರುವುದು
ನಗರಸಭೆಯ ಮುದ್ರೆಯಲ್ಲಿ, ಕಸದ ಡಬ್ಬಿಗಳ ಮೇಲೆ.

ಅಜ್ಜಿಯ ಕಿವಿ ಕೆಡಿಸಿದ ಗಿರಣಿಯಲ್ಲೇ
ಈಗ ನಮ್ಮ ಆಟದ ಕ್ಲಬ್ಬು.
ಅಲ್ಲೇ ಕೂತು ಮೂರು ಚಳಿಗಾಲ ಸವೆಸಿ
'ಹಾಸುಹೊಕ್ಕು' ಕಟ್ಟಿದೆ.
ಇಪ್ಪತ್ತನಾಲ್ಕು ಪುಟದ ನಿಯಮದ ಪುಸ್ತಕ,
ನಲವತ್ತೈದು ಝ್ವೋಟಿ.
ಕಾಯಿಗೆ ಅಂಗಿಯ ಗುಂಡಿ ಸಾಕು,
ಹಲಗೆಗೆ ಸೀಮೆಸುಣ್ಣ ಸಾಕು;
ಮಾರಲು ನನ್ನ ಹತ್ತಿರ ಇದ್ದದ್ದು
ಆ ಪುಸ್ತಕ ಒಂದೇ.

ಚಹಾಕ್ಕೆ ನಿಂಬೆ ಹಿಂಡುತ್ತ ವಿಟೋಲ್ಡ್ ಅಂದ:
"ಚದುರಂಗಕ್ಕೆ ಯಾರು ರಸೀದಿ ಹರಿದರು, ಬೊಗುಮಿಲಾ?
ಕಲಿಸಿದರೆ ತಾನೆ ಎದುರಾಳಿ ಹುಟ್ಟೋದು."
"ಚದುರಂಗ ಕಟ್ಟಿದವನ ಮನೆ ಬಾಡಿಗೆ
ಈಗ ಯಾರೂ ಕೇಳುತ್ತಿಲ್ಲ," ಅಂದೆ.
"ನನ್ನದು ಪ್ರತಿ ತಿಂಗಳು ಹತ್ತನೇ ತಾರೀಖು."
ಅವನು ಚಮಚದಿಂದ ಬೀಜ ಹೆಕ್ಕುತ್ತ ಕೂತ.

ನವೆಂಬರಿನ ಒಂದು ಸಂಜೆ, ಟ್ರಾಮ್ ತಪ್ಪಿ,
ಹಳೇ ವಠಾರದ ಮೆಟ್ಟಿಲ ಮೇಲೆ ಕಂಡೆ:
ರಟ್ಟಿನ ಮೇಲೆ ಗೆರೆ, ಗೆರೆಯ ಮೇಲೆ ಗುಂಡಿ,
ಮೂವರು ಹುಡುಗರು; ಪಕ್ಕದಲ್ಲಿ
ಆಟಕ್ಕುಂಟು ಲೆಕ್ಕಕ್ಕಿಲ್ಲದ ಒಬ್ಬಳು ಪುಟ್ಟಿ.
ನಡುವೆ ಚೌಕುಳಿ ಗಣಿತದ ನೋಟ್‌ಬುಕ್ಕು.
ನೀಲಿ ಶಾಯಿಯಲ್ಲಿ ನನ್ನ ಮಾತು.

ಕಳ್ಳನ ಕೈ ಹಿಡಿಯುವ ಹಾಗೆ ಬಗ್ಗಿದೆ.
"ಎಲ್ಲಿಂದ ಬಂತು ಇದು?"
"ಇರೆಕ್‌ನ ಅಕ್ಕನದ್ದು ನೋಡಿ ಬರೆದದ್ದು."
"ಅವಳು ಯಾರದ್ದು ನೋಡಿದಳು?"
ಕಾಯೆತಾನ್ ಭುಜ ಕುಣಿಸಿದ:
"ಆಟ ತಾನೆ. ಎಲ್ಲರಿಗೂ ಗೊತ್ತಿರುತ್ತೆ."

ಏಳನೇ ನಿಯಮ ತಪ್ಪಾಗಿತ್ತು.
ನಾನು ಬರೆದದ್ದು: ಕಡಿದ ನೂಲಿನ ಕಾಯಿ ಹೊರಗೆ.
ಅಲ್ಲಿದ್ದದ್ದು: ಕಡಿದ ನೂಲಿನ ಕಾಯಿ ಎದುರಾಳಿಗೆ,
ಗಂಟು ಹಾಕಿ ಅವನು ನೇಯಬೇಕು.
"ಹಾಗಲ್ಲ," ಅಂದೆ.
"ಆಡಿ ನೋಡಿ," ಅಂದರು.

ಮೂರು ಸಲ ಸೋತೆ, ಎರಡು ಟ್ರಾಮ್ ಬಿಟ್ಟೆ.
ನನ್ನ ಆಟ ಮುಗಿಯುವ ಹೊತ್ತಿಗೆ ಹಲಗೆ ಬರಿದು,
ಭಾನುವಾರದ ಗಿರಣಿ.
ಇವರದ್ದು ತುಂಬುತ್ತಲೇ ಹೋಯಿತು,
ಗಂಟುಗಂಟಾಗಿ, ಬಟ್ಟೆಯಾಗಿ.
ಮೂರು ಚಳಿಗಾಲ ನನ್ನ ಕೈಗೆ ಸಿಗದ ಗಂಟು
ಶಾಲೆಯ ಗಂಟೆಗೆ ಮುಂಚೆ ಅವಸರದಲ್ಲಿ
ಯಾರದೋ ಕೈತಪ್ಪಿಗೆ ಸಿಕ್ಕಿತ್ತು.

"ಈ ಪುಸ್ತಕ ಕೊಡ್ತೀಯಾ? ಎಷ್ಟು?"
ಗಡಿಯಾರ ಹೊತ್ತೆಷ್ಟು ಅಂತ ಕೇಳಿದವಳಿಗೆ
ಯಾರಾದರೂ ಬೆಲೆ ಹೇಳುತ್ತಾರೆಯೇ,
ಹಾಗೆ ನೋಡಿದ.
"ಕೊಡಕ್ಕಾಗಲ್ಲ, ನಮಗೆ ಬೇಕು. ಬರ್ಕೊಳ್ಳಿ.
ಪೆನ್ನಿದೆಯಾ?"

ಚೀಲದಲ್ಲಿ ಮುದ್ರಕನ ಬಿಲ್ಲಿತ್ತು,
ಸಾವಿರದ ಇನ್ನೂರು ಝ್ವೋಟಿ, ಎರಡನೇ ನೆನಪೋಲೆ.
ಅದರ ಬೆನ್ನ ಮೇಲೆ,
ಮೊಣಕಾಲಿಗೆ ಒತ್ತಿ, ಬರೆದುಕೊಂಡೆ.
ಲೆಕ್ಕಕ್ಕಿಲ್ಲದ ಪುಟ್ಟಿ ಇಣುಕಿ ಅಂದಳು:
"ಅಕ್ಷರ ದುಂಡಗೆ ಬರೀರಿ.
ಇಲ್ಲಾಂದ್ರೆ ನಿಮ್ಮದು ನೋಡಿ ಬರೆಯೋರು
ತಪ್ಪು ಮಾಡ್ತಾರೆ."