ಅಂಚಿನಲ್ಲಿ ಬರೆದದ್ದು

ಬೋರಾ ಗಾಳಿ ಎದ್ದ ದಿನ ತ್ರಿಯೆಸ್ತೆಯಲ್ಲಿ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರು, ಹಿಡಿದು ನಡೆಯಲು.
ಆಸ್ಪತ್ರೆಯ ನೆಲಮಾಳಿಗೆಗೆ ಯಾವ ಗಾಳಿಯೂ ಇಳಿಯುವುದಿಲ್ಲ.
ಇಲ್ಲಿರುವುದು ಮೇಣದ ತುಂಡುಗಳು, ಬೆಂಕಿಪೊಟ್ಟಣದಷ್ಟು,
ಇಪ್ಪತ್ತಾರು ವರ್ಷ ಹಳೆಯವು,
ಹೆಸರಿಲ್ಲ, ನಂಬರು ಮಾತ್ರ.

"ನಿಮ್ಮ ಕೈಬರಹ ನಿಮಗೇ ಗೊತ್ತು, ಡಾಕ್ಟರೇ" ಎಂದು
ನಿವೃತ್ತಳನ್ನು ಕರೆಸಿಕೊಂಡಿದ್ದಾನೆ ದೆಯಾನ್.
ಅವನು ಹುಟ್ಟಿದ ವರ್ಷದ ಟ್ರೇ ತೆಗೆದೆವು.

ಎರಡು ಸಾವಿರದ ಇನ್ನೂರ ಹದಿನಾರು. ಹದಿನೇಳು.
ಒಂದೇ ಬುಧವಾರ ಬಂದವು. ಎರಡೂ ದೊಡ್ಡಕರುಳಿನವು,
ಎರಡೂ ನಾಲ್ಕು ಸೆಂಟಿಮೀಟರು,
ಅಳತೆಪಟ್ಟಿಯ ಮಟ್ಟಿಗೆ ಅವಳಿ ಜವಳಿ.
ನಮೂನೆಯಲ್ಲಿ ನಾನು ತುಂಬಿದ್ದೂ ಅದನ್ನೇ:
ಉದ್ದ, ಅಗಲ, ಎಷ್ಟು ಆಳಕ್ಕಿಳಿದಿದೆ, ಗ್ರಂಥಿಗೆ ಹಬ್ಬಿದೆಯೇ, ಇಲ್ಲ.
ಗಡ್ಡೆ ಎಷ್ಟು ದೊಡ್ಡದೆಂದು ಕೇಳುತ್ತಿದ್ದರು.
ಗಡ್ಡೆಯೊಳಗೆ ಯಾರಿದ್ದಾರೆಂದು
ಕೇಳುವ ಸಾಲೇ ಇರಲಿಲ್ಲ.

ಆದರೂ ಕಾಗದದ ಅಂಚಿಗೆ, ಪೆನ್ಸಿಲಿನಲ್ಲಿ, ಗೀಚಿದ್ದೇನೆ.
ಹದಿನಾರಕ್ಕೆ: ಹೊರಗೇ ನಿಂತಿವೆ.
ಹದಿನೇಳಕ್ಕೆ: ಒಳಗೆ ಕಾಲಿಡಲು ಜಾಗವಿಲ್ಲ.

ಈಗ ಹೊಸ ಬಣ್ಣ. ಒಂದೊಂದು ಕಂದು ಚುಕ್ಕೆಯೂ
ಕೊಲ್ಲಲೆಂದೇ ಕಲಿತು ಬಂದ ಒಂದು ಟಿ-ಕೋಶ.
ಹದಿನಾರರಲ್ಲಿ ಅವು ಗಡ್ಡೆಯ ಗಡಿಗುಂಟ,
ಬೆಳಗಿನ ಐದಕ್ಕೆ ಬಂದರಿನ ಗೇಟಿನೆದುರು
ಕೂಲಿ ಕೇಳಿ ನಿಂತವರ ಹಾಗೆ.
ಯಾರೂ ಕರೆಯಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ.
ಒಳಗೆ ಬೇರೆಯವರು: ದಪ್ಪ ಮೈಯ ಮ್ಯಾಕ್ರೋಫೇಜುಗಳು,
ಕಸ ಬಳಿಯಲು ಹೋದವು
ಗಡ್ಡೆಗೆ ರಕ್ತನಾಳ ಎಳೆದುಕೊಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡವು.
ಬೇಲಿಯೇ ಹೊಲ ಮೇಯಿತೆನ್ನುತ್ತೇವಲ್ಲ,
ಮೇಯಿಸಿದವರು ಯಾರೆಂದು
ಹೇಳುವುದಿಲ್ಲ ಗಾದೆ.

ಹದಿನೇಳನ್ನು ನನ್ನ ಕಣ್ಣು ಎಣಿಸಲಾರದು. ಯಂತ್ರ ಎಣಿಸಿತು:
ಚದರ ಮಿಲಿಮೀಟರಿಗೆ ಏಳುನೂರ ನಲವತ್ತು.

ದೆಯಾನ್ ದಾಖಲೆ ಓದಿದ.
ಹದಿನಾರು, ಹದಿನಾಲ್ಕು ತಿಂಗಳು.
ಹದಿನೇಳು, ಹೋದ ವಾರ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಿದ್ದರು.

"ಲೆಕ್ಕ ಯಾವಾಗಲೂ ಹೀಗೆ ಕೂಡುವುದಿಲ್ಲ" ಎಂದ, ಸಮಾಧಾನಕ್ಕೋ, ಸತ್ಯಕ್ಕೋ.
ಐದನೇ ಟ್ರೇಯಲ್ಲಿ ಒಂದಿದೆಯಂತೆ, ಒಳಗೆಲ್ಲ ತುಂಬಿದ್ದರೂ ಸೋತದ್ದು:
ಕೋಶಗಳು ಅಲ್ಲೇ ಇವೆ, ದಣಿದು, ಕೈಯಲ್ಲಿ ಕತ್ತಿ ಹಿಡಿದೇ ನಿದ್ದೆ.

ನನಗೆ ಹದಿನಾರರ ಹೆಸರು ಗೊತ್ತು. ನಿಯಮ ಮೀರಿ ಅಲ್ಲ,
ಅವನ ಹೆಂಡತಿಯೇ ಅಂದು ಮೆಟ್ಟಿಲಿಳಿದು ಬಂದಿದ್ದಳು.
ಜೋರ್ಕಾ ಫೆರ್ಲುಗಾ, ಗಾಳಿಗೆ ಕೆದರಿದ ತಲೆ,
ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ.
"ಗಡ್ಡೆ ಚಿಕ್ಕದು, ಎಲ್ಲಿಗೂ ಹಬ್ಬಿಲ್ಲ" ಎಂದೆ.
ಮರುದಿನ ಉಪ್ಪು ಹಾಕಿದ ಮೀನಿನ ಒಂದು ಜಾಡಿ
ನನ್ನ ಮೇಜಿನ ಮೇಲಿತ್ತು.

ನಾನು ಹೇಳಿದ್ದು ಸುಳ್ಳಲ್ಲ.
ಕಾಗದದ ನಡುವೆ ಇದ್ದದ್ದನ್ನಷ್ಟೇ ಹೇಳಿದೆ.

ಜಾಡಿ ಈಗಲೂ ಮನೆಯಲ್ಲಿದೆ.
ಪೆನ್ಸಿಲುಗಳನ್ನು ಅದರಲ್ಲೇ ಇಡುತ್ತೇನೆ.