ಆರು ವಾರ

ಹಾಸನದ ದೊಡ್ಡಾಸ್ಪತ್ರೆ, ಮೂಳೆ ವಾರ್ಡಿನ ಗೋಡೆಗೆ
ದಾನಿಯೊಬ್ಬರ ಹೆಸರು ಹೊತ್ತ ಟೀವಿ.
ಹೆಸರಿನಷ್ಟು ದೊಡ್ಡದಲ್ಲ ಪರದೆ.
ಕೊಟ್ಟ ವರ್ಷವೇ ಅದರ ದನಿ ಕಟ್ಟಿತು,
ರಿಮೋಟು ಯಾರ ಜೊತೆಗೋ ಡಿಸ್‌ಚಾರ್ಜ್ ಆಗಿ ಹೋಯಿತು.
ಅಂದಿನಿಂದ ಒಂದೇ ಚಾನೆಲ್ಲು:
ಬಾತುಕೋಳಿ ಮುಂದೆ, ನರಿ ಹಿಂದೆ.
ಏಳು ನಿಮಿಷದಲ್ಲಿ ನರಿ ಒಂಬತ್ತು ಸಲ ಸಾಯುತ್ತದೆ,
ಹತ್ತು ಸಲ ಏಳುತ್ತದೆ. ಲೆಕ್ಕ ತಪ್ಪಿದ್ದು ನನ್ನದಲ್ಲ.

ನಾನು ಪ್ಲಾಸ್ಟರ್ ರೂಮಿನವನು. ಇಪ್ಪತ್ತೆರಡು ವರ್ಷದಿಂದ
ಪಟ್ಟಿ ಅದ್ದಿ, ಹಿಂಡಿ, ಸುತ್ತುತ್ತ ಬಂದವನು.
ಬೀಳುವುದರ ಬಗ್ಗೆ ನನ್ನನ್ನು ಕೇಳಿ.
ಸಿಲ್ವರ್ ಮರದಿಂದ, ಮೆಣಸಿನ ಬಳ್ಳಿ ಕೈಯಲ್ಲೇ ಹಿಡಿದು;
ಚನ್ನರಾಯಪಟ್ಟಣದ ದಾರಿಯಲ್ಲಿ, ಬಣ್ಣ ಬಳಿಯದ ಹಂಪಿನ ಮೇಲೆ,
ಹೊಸ ಬೈಕು, ಹಿಂದೆ ಹೊಸ ಹೆಂಡತಿ;
ಬಚ್ಚಲಲ್ಲಿ, ಚೆಲ್ಲಿದ ಸೀಗೆಪುಡಿಯ ಮೇಲೆ.
ಬಾಳೆಹಣ್ಣಿನ ಸಿಪ್ಪೆ ಮೆಟ್ಟಿ ಮಾತ್ರ
ಈವರೆಗೆ ಒಬ್ಬರೂ ಬಿದ್ದು ಬಂದಿಲ್ಲ.

ಸಂಜೆ ಡಾಕ್ಟರು ರೌಂಡ್ಸ್ ಮುಗಿಸಿ ಹೋದಮೇಲೆ
ವಾರ್ಡು ಕತ್ತು ತಿರುಗಿಸುತ್ತದೆ, ಕತ್ತು ತಿರುಗುವವರೆಲ್ಲ.
ಮೊದಲು ನಗುವವನು ರತುಲ್, ಅಸ್ಸಾಮಿನಿಂದ
ಕಾಫಿ ಕೊಯ್ಲಿಗೆ ಬಂದ ಹುಡುಗ. ಎಡಗೈ, ಎರಡು ಕಡೆ.
ಕನ್ನಡದಲ್ಲಿ ಅವನಿಗೆ ಬರುವುದು ಮೂರು ಮಾತು:
ನೀರು, ನೋವು, ಸಾಕು.
ನರಿ ರೋಡ್ ರೋಲರಿನಡಿ ಚಪಾತಿಯಾದಾಗ
ಮೂರೂ ಬೇಕಾಗುವುದಿಲ್ಲ.
ಆಮೇಲೆ ಅಫ್ಸರ್ ಪಾಷಾ, ಪೆನ್ಷನ್ ಮೊಹಲ್ಲಾದ ಗ್ಯಾರೇಜಿನವರು.
ಆಮೇಲೆ ಮೊಗಣ್ಣ. ಲಾರಿಯಿಂದ ಆಲೂಗಡ್ಡೆ ಮೂಟೆ ಜಾರಿ
ಮೂರು ಪಕ್ಕೆಲುಬು ಹೋದವನು, ನಗುವುದೇ ಅವನಿಗೆ ಶಿಕ್ಷೆ.
"ಅಯ್ಯೋ ಬ್ಯಾಡ ಕಣ್ರಪ್ಪೋ, ಆರ್‌ಸ್ರೋ ಅದ್ನ" ಎನ್ನುತ್ತ
ದಿಂಬು ಎದೆಗವಚಿಕೊಳ್ಳುತ್ತಾನೆ, ಕಣ್ಣು ಮಾತ್ರ ಕೀಳ.
ಹಗ್ಗ ಕಟ್ಟಿ ಮಂಚದ ತುದಿಗೆ ಇಳಿಬಿಟ್ಟ ತೂಕಗಳು
ಅವರವರ ನಗುವಿಗೆ ತಕ್ಕಂತೆ ತೂಗಾಡುತ್ತವೆ,
ನಾಲಿಗೆ ಕಳಚಿದ ಗಂಟೆಗಳ ಹಾಗೆ.

ಬಂಡೆಯಂಚು ದಾಟಿ ನರಿ ಗಾಳಿಯಲ್ಲೇ ಓಡುತ್ತದೆ.
ಬೀಳುವುದಿಲ್ಲ. ಕೆಳಗೆ ನೋಡುತ್ತದೆ. ಆಗ ಬೀಳುತ್ತದೆ.
"ಕರೆಕ್ಟು," ಎಂದ ಬಸ್ತ್ಯಾಂವ್, ಸಕಲೇಶಪುರದ ಕಡೆಯವನು,
ಮೂವತ್ತು ಅಡಿ ಏಣಿಯವನು.
"ನಾನೂ ಅಷ್ಟು ಹೊತ್ತು ನಿಂತಿದ್ದೆ ಸಾರ್, ದೇವರಾಣೆ.
ನೋಡಬಾರದಿತ್ತು."
ಯಾರೂ ನಗಲಿಲ್ಲ.
ಆಮೇಲೆ ಎಲ್ಲರೂ ನಕ್ಕರು, ಅವನೇ ಜಾಸ್ತಿ.

ನಿಂಗಾಜಮ್ಮ ಒಬ್ಬಳೇ ನಗದವಳು. ಸೊಂಟ. ಎಂಬತ್ತರ ಮೇಲೆ ಎಷ್ಟೋ.
ಪೊರೆಗಣ್ಣಿಗೆ ಕಂಡಷ್ಟನ್ನು ನೋಡಿ ಒಂದು ದಿನ ಕೇಳಿದಳು:
"ಅಲ್ಲ ಕಣಪ್ಪ, ಆ ನರೀಗೆ ಪಟ್ಟಿ ಕಟ್ಟೋನು ಯಾರು?
ಈಗ ತಾನೇ ತಲೆಯಿಂದ ಕಾಲ್ಗಂಟ ಸುತ್ತಿತ್ತು,
ಕಣ್ಮುಚ್ಚಿ ಬಿಡೋದ್ರೊಳಗೆ ಮತ್ತೆ ಓಡ್ತಾ ಐತೆ."

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ
ಯಾರಾದರೂ ವಿಚಾರಿಸಿದ್ದು ಅದೇ ಮೊದಲು.
ಆ ರೆಪ್ಪೆಯ ಸಂದಿನಲ್ಲಿ ನಾನಿದ್ದೇನೆ ಅಜ್ಜಿ,
ಬಕೆಟ್ಟಿನೆದುರು ಕೂತು, ಮೊಣಕೈವರೆಗೆ ಬೆಳ್ಳಗೆ.
ಅವರು ಕತ್ತರಿಸಿ ಬಿಸಾಡಿದ ಆರು ವಾರ ನನ್ನ ಹತ್ತಿರವಿದೆ:
ಒಳಗಿನ ತುರಿಕೆ, ಅದಕ್ಕೆ ತೂರಿಸುವ ಪೊರಕೆ ಕಡ್ಡಿ,
ಕಂತು ಕಟ್ಟದ ಬೈಕು, ಕ್ಯಾರಿಯರಿನಲ್ಲಿ ದಿನಾ ಅದೇ ಹುರುಳಿ ಸಾರು,
ನಡೆಯುವುದನ್ನು ಮೊದಲಿಂದ ಕಲಿಸುವ ಉದ್ದ ವರಾಂಡ.
ಇದನ್ನೆಲ್ಲ ಬಿಡಿಸಿದ್ದರೆ ಯಾರು ನಗುತ್ತಿದ್ದರು?
ಬಿಟ್ಟದ್ದಕ್ಕೇ ಇವರು ನಗುತ್ತಿರುವುದು.
ಹೀಗೆಲ್ಲ ಹೇಳಲಿಲ್ಲ. "ಅದಕ್ಕೆ ಬೇರೆ ಡಾಕ್ಟ್ರವ್ರೆ" ಅಂದೆ.
"ಒಳ್ಳೇರು," ಅಂದಳು.

ಇವತ್ತು ರತುಲನ ಕೈ ಬಿಡಿಸಿದೆ.
ಗರಗಸ ಗುಂಯ್ ಎಂದಾಗ ಕಣ್ಣು ಮುಚ್ಚಿದ್ದ.
ತೆರೆದು, ಸೊರಗಿದ ಕೈಯನ್ನು ಇನ್ಯಾರದೋ ಎಂಬಂತೆ ನೋಡಿ
"ಸಾಕು?" ಅಂದ.
ಸಾಕು ಅಂದೆ.
ಓಡಿದ, ನಿಜಕ್ಕೂ ಓಡಿದ, ಒರೆಸಿದ ನೆಲದ ತಿರುವಿನಲ್ಲಿ ಜಾರಿ,
ಸಾವರಿಸಿಕೊಂಡು, ಮತ್ತೆ.
ಬಕೆಟ್ಟಿನ ಪಕ್ಕ ಬಿದ್ದಿತ್ತು ಪ್ಲಾಸ್ಟರು, ಎರಡು ಹೋಳು.
ಜೋಡಿಸಿ ನೋಡಿದೆ. ಒಳಗೆ ಅವನ ಮೊಣಕೈ, ಮಣಿಕಟ್ಟು,
ಹೆಬ್ಬೆರಳ ಬುಡ, ಅಂಟಿಕೊಂಡ ನಾಲ್ಕು ರೋಮ;
ಗೋಡೆ ಸೀಳಿ ಓಡಿದ ನರಿ
ಗೋಡೆಯಲ್ಲಿ ಬಿಟ್ಟುಹೋದ
ನರಿಯಾಕಾರದ ತೂತಿನ ಹಾಗೆ.