ಓದಿ ಹೇಳಲಾಗಿ, ಸರಿಯಿದೆ

ಒಂದನೇ ಸಾಕ್ಷಿ, ಲೇತ್ ಅಂಗಡಿಯ ರುದ್ರೋಜಿ:
ಬಲಗೈಯಲ್ಲಿ ಸ್ಪ್ಯಾನರ್, ಒಂದೇ ಏಟು,
ಕಂಬದ ದೀಪ ಉರಿಯುತ್ತಿತ್ತು.
ಎರಡನೆಯವಳು, ಬೋಂಡಾ ಗಾಡಿಯ ಸೆಲ್ವಿ:
ಸ್ಪ್ಯಾನರ್ ಎಲ್ಲಿ ಬಂತು ಸಾಮೀ, ಸೋಡಾ ಬಾಟ್ಲಿ.
ಕರೆಂಟು ಹೋಗಿತ್ತು, ಒಲೆಯ ಬೆಳಕಲ್ಲಿ ಕಂಡಷ್ಟು ಕಂಡೆ.
ಮುನೀರ್ ಸಾಬರು ಪೊಲೀಸರ ಮುಂದೆ ಕಂಡದ್ದು
ಪಾಟೀ ಸವಾಲಿನಲ್ಲಿ ಕಾಣಲಿಲ್ಲ.
ಅಂದು ಮಗಳ ಹೆರಿಗೆ, ತರೀಕೆರೆಯಲ್ಲಿದ್ದೆ ಎಂದರು.

ಮೂರು ವಾಯಿದೆ ತಪ್ಪಿಸಿ ಇವತ್ತು ಬಂದ
ಏಟು ತಿಂದ ಪಳನಿ,
ಹನ್ನೊಂದು ಹೊಲಿಗೆಯ ತಲೆ ತಗ್ಗಿಸಿ
ಚರಂಡಿ ಕಲ್ಲಿನ ಮೇಲೆ ಜಾರಿ ಬಿದ್ದೆ ಅಂದ.
ಸರ್ಕಾರಿ ವಕೀಲರು ಪೆನ್ನಿನ ಕ್ಯಾಪು ಮುಚ್ಚಿದರು.

ಎಲ್ಲವನ್ನೂ ನಾನೇ ಹೊಡೆದೆ, ಅಕ್ಷರ ತಪ್ಪದೆ.
ಈ ಕೇಸಿನಲ್ಲಿ ಹೊಡೆದದ್ದು ಸಾಬೀತಾಗುವುದಿದ್ದರೆ
ನನ್ನದೊಂದೇ.

ಯಾರೂ ನನ್ನ ಕೇಳಲಿಲ್ಲ. ಆ ಸಂಜೆ
ಕಾಗದನಗರದ ಅದೇ ತಿರುವಿನಲ್ಲಿ
ಚಪ್ಪಲಿಯ ಉಂಗುಟ ಹೊಲಿಸುತ್ತ ನಿಂತಿದ್ದೆ.
ಬೆನ್ನ ಹಿಂದೊಂದು ಸದ್ದು,
ಅದಕ್ಕೆ ನನ್ನ ಯಂತ್ರದಲ್ಲಿ ಕೀಲಿಯಿಲ್ಲ.
ತಿರುಗಿದೆನೋ ಇಲ್ಲವೋ.
ಬರಿಗಾಲ ಕೆಳಗೆ ನೆಲ ಇನ್ನೂ ಕಾದಿತ್ತು, ಅದಷ್ಟೇ ನನ್ನದು.
ಉಳಿದಂತೆ, ರುದ್ರೋಜಿಯ ಪುಟ ತೆಗೆದರೆ ದೀಪ ಉರಿಯುತ್ತದೆ,
ಸೆಲ್ವಿಯದು ತೆಗೆದರೆ ಆರುತ್ತದೆ.

ಮಿಲ್ಲು ಮುಚ್ಚಿದ ಊರು. ಆದರೂ ಇಲ್ಲಿ
ಕಾಗದ ಸಾಲದೆಂದು ಯಾರೂ ದೂರಿದ್ದಿಲ್ಲ.
ಕೊನೆಯ ಸಾಲು ಹೊಡೆದು ಹಾಳೆ ಎಳೆದೆ:
ಓದಿ ಹೇಳಲಾಗಿ, ಸರಿಯಿದೆ.
ಸಹಿ ಹಾಕಲು ಬಗ್ಗಿದ ಪಳನಿ
ನನಗಷ್ಟೇ ಕೇಳುವ ಹಾಗೆ ಕೇಳಿದ,
ಅಕ್ಕಾ, ಆ ಚಪ್ಪಲಿ ಸರಿಹೋಯ್ತಾ?